ಪವಿತ್ರ ಸಮಾಧಿಯ ಅರೆಗತ್ತಲೆಯಲ್ಲಿ ಕ್ಯಾನನ್ ಆರ್‌ಎಫ್ 35 ಎಂಎಂ: ಒಂದು ವಿಮರ್ಶೆ

ಯೇಸುವಿನ ಸಮಾಧಿ ಇರುವುದೆಂದು ನಂಬುವ ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯಕ್ಕೆ ಕ್ಯಾಮೆರಾ ಹೊತ್ತು ಹೊರಡುವವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಅಗಲದ ಲೆನ್ಸ್ ಬೇಕು ಎಂಬುದು. ಅದರ ಹಿಂದೆಯೇ ಬರುವ ಪ್ರಶ್ನೆ, ಎಫ್ 1.2ರಷ್ಟು ಅಗಲದ ಅಪರ್ಚರ್ (ಲೆನ್ಸಿನ ಬೆಳಕಿಂಡಿ; ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಇಲ್ಲದೆ ಆ ಕತ್ತಲೆಯಲ್ಲಿ ಏನಾದರೂ ದಕ್ಕೀತೇ ಎಂಬುದು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಇಗರ್ಜಿಗಳ ಯಾತ್ರಾ ತಂಡಗಳೊಂದಿಗೆ ಪವಿತ್ರ ನಾಡಿಗೆ ಹೋಗಬೇಕೆಂದಿರುವ ಪರಿಚಿತರು ಇವೆರಡನ್ನೂ ನನ್ನಲ್ಲಿ ಕೇಳುತ್ತಿರುವುದರಿಂದ, ನಾನು ಅಲ್ಲಿ ಬಳಸಿದ ಕ್ಯಾನನ್ ಆರ್‌ಎಫ್ 35 ಎಂಎಂ ಎಫ್ 1.8 ಮ್ಯಾಕ್ರೊ ಐಎಸ್ ಎಸ್‌ಟಿಎಂ ಲೆನ್ಸಿನ ಗುಣದೋಷಗಳನ್ನು ಆ ಕಟ್ಟಡವನ್ನೇ ಪರೀಕ್ಷಾಕಣವಾಗಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಟ್ರೈಪಾಡ್ ಇಡಲಾಗದ ಕತ್ತಲೆಯ ಕಟ್ಟಡದಲ್ಲಿ ಅಪರ್ಚರಿನ ಸಂಖ್ಯೆಗಿಂತ ಕೈನಡುಕವನ್ನು ಹೀರಿಕೊಳ್ಳುವ ವ್ಯವಸ್ಥೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ; ಆ ವ್ಯವಸ್ಥೆಯಿರುವ ಲೆನ್ಸುಗಳ ಪೈಕಿ ಇಷ್ಟು ಹಗುರವಾದುದು, ಇಷ್ಟು ಹತ್ತಿರಕ್ಕೆ ಹೋಗಬಲ್ಲದು ನನಗೆ ಬೇರೆ ಸಿಕ್ಕಿಲ್ಲ.

ಈ ಲೆನ್ಸ್ 2018ರಲ್ಲಿ ಕ್ಯಾನನ್ನಿನ ಮಿರರ್‌ಲೆಸ್ ಆರ್ ಸರಣಿಯೊಂದಿಗೇ ಬಂದದ್ದು. ತೂಕ 305 ಗ್ರಾಂ, ಫಿಲ್ಟರ್ ಅಳತೆ 52 ಎಂಎಂ, ಅಪರ್ಚರಿಗೆ ಒಂಬತ್ತು ಅಲಗುಗಳು. ಕನಿಷ್ಠ ಫೋಕಸ್ ದೂರ 17 ಸೆಂಟಿಮೀಟರ್. ಅಷ್ಟು ಹತ್ತಿರದಲ್ಲಿ ವಸ್ತು ತನ್ನ ನಿಜ ಗಾತ್ರದ ಅರ್ಧದಷ್ಟು ದೊಡ್ಡದಾಗಿ ಸೆನ್ಸರಿನ ಮೇಲೆ ಮೂಡುತ್ತದೆ. ಐಎಸ್ ಎಂಬ ಕಂಪನ ನಿಯಂತ್ರಣ ಐದು ಸ್ಟಾಪ್ (ಒಂದೊಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಎಂದು ಕಂಪನಿಯ ಹೇಳಿಕೆ. ನಾನಿದನ್ನು ಇಒಎಸ್ ಆರ್‌ಪಿ ಕ್ಯಾಮೆರಾಕ್ಕೆ ಹಾಕಿ ಬಳಸುತ್ತೇನೆ. 26.2 ಮೆಗಾಪಿಕ್ಸೆಲಿನ ಆ ಫುಲ್‌ಫ್ರೇಮ್ ಬಾಡಿಯಲ್ಲಿ ಸೆನ್ಸರ್ ಸ್ಥಿರೀಕರಣವಿಲ್ಲದ ಕಾರಣ ಲೆನ್ಸಿನೊಳಗಿನ ಐಎಸ್ ಇಲ್ಲಿ ಅಲಂಕಾರವಲ್ಲ, ಅನಿವಾರ್ಯ. ಬ್ಯಾಟರಿ ಸಹಿತ ಬಾಡಿ 485 ಗ್ರಾಂ ತೂಗುವುದರಿಂದ ಎರಡೂ ಸೇರಿ 800 ಗ್ರಾಂ ದಾಟುವುದಿಲ್ಲ. ಹಳೆಯ ಪಟ್ಟಣದ ಮೆಟ್ಟಿಲು ಬೀದಿಗಳಲ್ಲಿ ಇಡೀ ದಿನ ಕುತ್ತಿಗೆಗೆ ನೇತುಹಾಕಿಕೊಂಡು ನಡೆಯುವವರಿಗೆ ಈ ಲೆಕ್ಕ ಸಣ್ಣದಲ್ಲ.

ಆ ದೇವಾಲಯ ಏಕೆ ಅಷ್ಟು ಕತ್ತಲೆ ಎಂಬುದನ್ನು ಅರಿತರೆ ಲೆನ್ಸಿನ ಆಯ್ಕೆ ಸುಲಭವಾಗುತ್ತದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿ 335ರಲ್ಲಿ ಪ್ರತಿಷ್ಠೆಗೊಂಡ ಮೂಲ ಕಟ್ಟಡ ಬಹು ವಿಶಾಲವಾಗಿತ್ತು. 1009ರಲ್ಲಿ ಫಾತಿಮಿ ಖಲೀಫ ಅಲ್-ಹಾಕಿಮನ ಆಜ್ಞೆಯಂತೆ ಅದನ್ನು ಕೆಡವಲಾಯಿತು. 1048ರ ಹೊತ್ತಿಗೆ ಬೈಜಾಂಟಿಯದ ನೆರವಿನಿಂದ ಚಿಕ್ಕದಾಗಿ ಮತ್ತೆ ಎದ್ದಿತು. ಅನಂತರ ಕ್ರುಸೇಡರುಗಳು ಅದಕ್ಕೆ ಭಾರವಾದ ಕಲ್ಲಿನ ಕಮಾನುಗಳ ವಿಸ್ತರಣೆಯನ್ನು ಜೋಡಿಸಿ 1149ರಲ್ಲಿ ಪ್ರತಿಷ್ಠೆ ಮಾಡಿದರು. 1808ರ ಬೆಂಕಿಯ ಬಳಿಕ ಮತ್ತೊಂದು ಸುತ್ತಿನ ದುರಸ್ತಿ ನಡೆಯಿತು. ಹೀಗೆ ಒಂದರ ಮೈಗೆ ಇನ್ನೊಂದನ್ನು ಅಂಟಿಸುತ್ತ ಹೋದಾಗ ಗೋಡೆಗಳು ಹೆಚ್ಚಿದವು, ಕಿಟಕಿಗಳು ಹೆಚ್ಚಲಿಲ್ಲ. ಇದರ ಮೇಲೆ ಗ್ರೀಕ್ ಆರ್ಥೊಡಾಕ್ಸ್, ರೋಮನ್ ಕ್ಯಾಥೊಲಿಕ್, ಆರ್ಮೇನಿಯನ್, ಕಾಪ್ಟಿಕ್, ಇಥಿಯೋಪಿಯನ್ ಮತ್ತು ಸುರಿಯಾನಿ ಎಂಬ ಆರು ಸಮುದಾಯಗಳಿಗೆ ಅಲ್ಲಿ ಹಕ್ಕಿದೆ. ಯಾರ ದೀಪ ಎಲ್ಲಿ ತೂಗಬೇಕು ಎಂಬುದೂ 1852ರ ಒಟ್ಟೋಮನ್ ಫರ್ಮಾನು ಸ್ಥಿರಪಡಿಸಿದ ಯಥಾಸ್ಥಿತಿಗೆ ಒಳಪಟ್ಟದ್ದು. ಆದ್ದರಿಂದ ಅಲ್ಲಿ ಒಂದೇ ಬಗೆಯ ಬೆಳಕು ಎಂಬುದಿಲ್ಲ. ಹತ್ತು ಹೆಜ್ಜೆ ಇಟ್ಟರೆ ಸಾಕು, ಬೆಳಕಿನ ಪ್ರಮಾಣವೂ ಬಣ್ಣವೂ ಬದಲಾಗಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಒಳಾಂಗಣದ ಮಸುಕಾದ ಮೂಲೆಗಳಲ್ಲಿ ನನಗೆ ಪದೇಪದೇ ಸಿಕ್ಕಿದ ಎಕ್ಸ್‌ಪೋಷರ್ ಎಂದರೆ ಎಫ್ 1.8, ಸೆಕೆಂಡಿನ 1/20 ಭಾಗ, ಸೆನ್ಸರಿನ ಬೆಳಕಿನ ಸಂವೇದನೆ ಅಂದರೆ ಐಎಸ್‌ಒ 800. 35 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯಲು ಸಾಮಾನ್ಯವಾಗಿ ಕನಿಷ್ಠ 1/35 ಬೇಕೆನ್ನುತ್ತಾರೆ. ಐಎಸ್ ಇರುವಲ್ಲಿ ಆ ನಿಯಮ ಸಡಿಲವಾಗುತ್ತದೆ. ಐದು ಸ್ಟಾಪಿನ ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಂಡರೆ ಒಂದು ಸೆಕೆಂಡಿನವರೆಗೂ ಹೋಗಬಹುದು. ನಾನು ಅಷ್ಟು ಉದಾರಿಯಲ್ಲ. ಉಸಿರು ಬಿಗಿಹಿಡಿದು, ಮೊಣಕೈಗಳನ್ನು ಎದೆಗೊತ್ತಿ ನಿಂತರೆ 1/4 ಸೆಕೆಂಡನ್ನು ನಂಬಬಹುದು. ಕಂಬಕ್ಕೆ ಹೆಗಲು ಕೊಟ್ಟು ಒಂದರ ಹಿಂದೆ ಒಂದು ಚಿತ್ರ ತೆಗೆದರೆ 1/2 ಸೆಕೆಂಡಿನಲ್ಲಿಯೂ ಒಂದಾದರೂ ಚೊಕ್ಕವಾಗಿ ಸಿಗುತ್ತದೆ. ಇದರ ಲಾಭ ನೋಡಿ: ಅದೇ ಬೆಳಕಿನಲ್ಲಿ ಶಟರನ್ನು 1/4ಕ್ಕೆ ಇಳಿಸಿದರೆ ಅಪರ್ಚರನ್ನು ಎಫ್ 2.8ಕ್ಕೆ ಕಿರಿದಾಗಿಸಿಯೂ ಐಎಸ್‌ಒ 400ರಲ್ಲಿ ಉಳಿಯಬಹುದು. ಕಲ್ಲಿನ ಮೈಯ ಒರಟು, ಮೊಸಾಯಿಕ್ಕಿನ ಒಂದೊಂದು ತುಣುಕು, ಬೆಳ್ಳಿಯ ಮೇಲಿನ ಕೆತ್ತನೆ ಎಲ್ಲವೂ ಆಗ ನುಚ್ಚಾಗದೆ ಬರುತ್ತವೆ. ಐಎಸ್ ಇಲ್ಲದ ಎಫ್ 1.2 ಲೆನ್ಸ್ ಎಫ್ 1.8ಕ್ಕಿಂತ ಕೊಡುವುದು ಸುಮಾರು ಒಂದು ಸ್ಟಾಪಿನಷ್ಟು ಹೆಚ್ಚಿನ ಬೆಳಕನ್ನು ಮಾತ್ರ. ಅದಕ್ಕೆ ತೆರಬೇಕಾದ ಬೆಲೆ ತೂಕದಲ್ಲೂ ಹಣದಲ್ಲೂ ಕೂದಲೆಳೆಯಷ್ಟಿರುವ ಫೋಕಸ್ ಆಳದಲ್ಲೂ ಇದೆ.

ಆದರೆ ಈ ಉಪಾಯ ಅಲುಗಾಡದ ವಸ್ತುಗಳಿಗೆ ಮಾತ್ರ. ಮಂಡಿಯೂರಿ ನಮಿಸುವವರ, ಮೇಣದ ಬತ್ತಿ ಹಚ್ಚುವವರ ಚಿತ್ರ ಬೇಕಾದರೆ 1/100 ಸೆಕೆಂಡಾದರೂ ಬೇಕು; ಅದೇ ಮೂಲೆಯಲ್ಲಿ ಎಫ್ 1.8 ಇಟ್ಟುಕೊಂಡೂ ಐಎಸ್‌ಒ 4000ಕ್ಕೆ ಏರಬೇಕಾಗುತ್ತದೆ. ಆರ್‌ಪಿಯಲ್ಲಿ ಅಷ್ಟಕ್ಕೆ ಹೆದರಬೇಕಾಗಿಲ್ಲ, ಎಕ್ಸ್‌ಪೋಷರ್ ಸರಿಯಿದ್ದರೆ. ಕಡಿಮೆ ಎಕ್ಸ್‌ಪೋಸ್ ಮಾಡಿ ಬಳಿಕ ಕಂಪ್ಯೂಟರಿನಲ್ಲಿ ನೆರಳನ್ನು ಎತ್ತಲು ಹೊರಟರೆ ಕಪ್ಪು ಭಾಗವೆಲ್ಲ ಕಂತೆ ಕಂತೆ ಚುಕ್ಕೆಗಳಿಂದ ತುಂಬುತ್ತದೆ.

ಒಳಗೆ ಕಾಲಿಟ್ಟೊಡನೆ ಎದುರಾಗುವ ಅಭ್ಯಂಜನ ಶಿಲೆ ಈ ಲೆನ್ಸಿಗೆ ಹೇಳಿ ಮಾಡಿಸಿದ ಜಾಗ. ದಕ್ಷಿಣ ಮುಖದ ಎರಡು ಬಾಗಿಲುಗಳಲ್ಲಿ ಬಲಗಡೆಯದನ್ನು ಶತಮಾನಗಳ ಹಿಂದೆಯೇ ಕಲ್ಲಿಟ್ಟು ಮುಚ್ಚಿರುವುದರಿಂದ ಬೀದಿಯ ಬೆಳಕೆಲ್ಲ ಎಡಗಡೆಯ ಒಂದೇ ಬಾಗಿಲಿನಿಂದ ಓರೆಯಾಗಿ ಒಳನುಗ್ಗಿ ಆ ಕೆಂಪು ಛಾಯೆಯ ಚಪ್ಪಡಿಯ ಮೇಲೆ ಹರಡುತ್ತದೆ. ಯೇಸುವಿನ ದೇಹವನ್ನು ಸಮಾಧಿಗೆ ಸಿದ್ಧಪಡಿಸಿದ ಸ್ಥಳವೆಂದು ಗೌರವಿಸುವ ಅಲ್ಲಿನ ಈಗಿನ ಚಪ್ಪಡಿ 1810ರದ್ದು. ಯಾತ್ರಿಕರು ಅದರ ಮೇಲೆ ಸುಗಂಧ ತೈಲ ಸವರಿ ಬಟ್ಟೆಯಿಂದ ಒರೆಸಿ ಕೊಂಡೊಯ್ಯುತ್ತಾರೆ. ಆರ್‌ಪಿಯ ತಿರುಗುವ ಪರದೆಯನ್ನು ಮೇಲಕ್ಕೆ ಮಡಚಿ, ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿದರೆ ಯಾರ ಮುಖಕ್ಕೂ ಅಡ್ಡ ಬಾರದೆ ಕೈಗಳನ್ನಷ್ಟೇ ಚಿತ್ರಿಸಬಹುದು. 35 ಎಂಎಂ ನೋಟಕೋನ ಕರ್ಣದಲ್ಲಿ 63 ಡಿಗ್ರಿ. ಚಪ್ಪಡಿಯ ಆ ತುದಿಯಲ್ಲಿರುವವರ ಬೆರಳುಗಳೂ ಈ ತುದಿಯ ಕಲ್ಲಿನ ಹೊಳಪೂ ವಿಕಾರಗೊಳ್ಳದೆ ಒಂದೇ ಚೌಕಟ್ಟಿನೊಳಗೆ ಕೂರುತ್ತವೆ.

ಬಾಗಿಲಿನ ಬಲಕ್ಕೆ ಕಡಿದಾದ ಮೆಟ್ಟಿಲು ಹತ್ತಿದರೆ, ಯೇಸುವನ್ನು ಶಿಲುಬೆಗೇರಿಸಿದ ಸ್ಥಳವೆಂದು ನಂಬುವ ಗೊಲ್ಗೊಥಾ. ಇಲ್ಲಿ ಕತ್ತಲೆಗಿಂತ ದೊಡ್ಡ ತೊಡಕು ವ್ಯತ್ಯಾಸದ್ದು. ತಗ್ಗಾದ ಕಮಾನಿನ ಚಾವಣಿ, ಅದರ ತುಂಬ ಗಾಢ ಬಣ್ಣದ ಮೊಸಾಯಿಕ್ ಮತ್ತು ಚಿತ್ರಗಳು, ಮುಂದೆ ಸಾಲಾಗಿ ತೂಗುವ ಎಣ್ಣೆದೀಪಗಳು, ಹಿಂದೆ ಬೆಳ್ಳಿ-ಬಂಗಾರದ ಕವಚ ತೊಟ್ಟ ಪ್ರತಿಮೆಗಳು. ದೀಪದ ಕುಡಿಗೂ ಅದರ ಹಿಂದಿನ ಗೋಡೆಗೂ ಇರುವ ಅಂತರವನ್ನು ಒಂದೇ ಎಕ್ಸ್‌ಪೋಷರಿನಲ್ಲಿ ಯಾವ ಸೆನ್ಸರೂ ಪೂರ್ತಿ ನುಂಗಲಾರದು. ನಾನು ಬಂಗಾರದ ಹೊಳಪಿಗೆ ಎಕ್ಸ್‌ಪೋಷರ್ ಹೊಂದಿಸಿ, ದೀಪದ ಕುಡಿ ಬೆಳ್ಳಗಾದರೆ ಆಗಲಿ, ಚಾವಣಿಯ ಮೂಲೆ ಕಪ್ಪಾದರೆ ಆಗಲಿ ಎಂದು ಬಿಟ್ಟೆ. ಹಲವು ಎಕ್ಸ್‌ಪೋಷರುಗಳನ್ನು ಬೆಸೆದು ಮೂಲೆ ಮೂಲೆಯನ್ನೂ ಬೆಳಗಿಸಿದ ಎಚ್‌ಡಿಆರ್ ಚಿತ್ರಗಳನ್ನು ಪ್ರವಾಸಿ ಕಂಪನಿಗಳ ಕರಪತ್ರಗಳಲ್ಲಿ ನೋಡಿದ್ದೇನೆ. ಆ ಚಿತ್ರಗಳಲ್ಲಿ ಗೊಲ್ಗೊಥಾ ಆಭರಣದ ಮಳಿಗೆಯಂತೆ ಕಾಣುತ್ತದೆ. ಈ ವಿಚಾರದಲ್ಲಿ ನನ್ನದು ಹಳೆಯ ಕಾಲದ ಅಭಿರುಚಿ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಕ್ಯಾಥೊಲಿಕ್ ಭಾಗದ ಚಾವಣಿಯಲ್ಲಿ ಹನ್ನೆರಡನೆಯ ಶತಮಾನದ ಕ್ರಿಸ್ತನ ಸ್ವರ್ಗಾರೋಹಣದ ಮೊಸಾಯಿಕ್ ತುಣುಕೊಂದು ಉಳಿದುಬಂದಿದೆ. ಅದನ್ನು ಹುಡುಕಿ ನೋಡದೆ ಇಳಿಯಬಾರದು. ಲೆನ್ಸನ್ನು ನೇರ ಮೇಲಕ್ಕೆ ಎತ್ತಿ ಹಿಡಿದಾಗ ಐಎಸ್ ಎಷ್ಟು ಸಹಾಯ ಮಾಡುತ್ತದೆಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಆ ಭಂಗಿಯಲ್ಲಿ ಯಾರ ಕೈಯೂ ಸ್ಥಿರವಾಗಿರುವುದಿಲ್ಲ.

ಗುಮ್ಮಟದ ಕೆಳಗಿನ ವೃತ್ತಾಕಾರದ ಅಂಗಳದಲ್ಲಿ ಮಾತ್ರ ಈ ಲೆನ್ಸ್ ಸೋಲುತ್ತದೆ. ನಡುವೆ ನಿಂತ ಸಮಾಧಿ ಮಂಟಪ, ಅದನ್ನು ಸುತ್ತುವರಿದ ಕಂಬಗಳು ಮತ್ತು ಮೇಲಿನ ಗುಮ್ಮಟದ ಬೆಳಕಿಂಡಿ ಮೂರನ್ನೂ ಒಂದೇ ಚಿತ್ರದಲ್ಲಿ ತರಲು 35 ಎಂಎಂ ಸಾಲದು. ಹಿಂದೆ ಸರಿಯೋಣವೆಂದರೆ ಯಾತ್ರಿಕರ ಸಾಲು, ಅದರ ಹಿಂದೆ ಕಂಬ. ಅದಕ್ಕಾಗಿ ನಾನು ಕ್ಯಾನನ್ನಿನದೇ ಆರ್‌ಎಫ್ 16 ಎಂಎಂ ಎಫ್ 2.8 ಲೆನ್ಸನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಅದರ ತೂಕ 165 ಗ್ರಾಂ, ನೋಟಕೋನ 108 ಡಿಗ್ರಿ. ಆದರೆ ಅದರಲ್ಲಿ ಐಎಸ್ ಇಲ್ಲ. ಎಫ್ 1.8 ಅದಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ. ಗುಮ್ಮಟದಿಂದ ಹಗಲು ಬೆಳಕು ಇಳಿಯುವ ಹೊತ್ತಿನಲ್ಲಿ ಇದು ಅಡ್ಡಿಯಾಗುವುದಿಲ್ಲ, ಸಂಜೆಯಾದ ಮೇಲೆ ಆಗುತ್ತದೆ.

ಈ ಮಂಟಪದ ಹಳೆಯ ಚಿತ್ರಗಳನ್ನು ನೋಡಿ ಹೋಗುವವರಿಗೆ ಒಂದು ಮಾತು ಹೇಳಬೇಕು. 1810ರಲ್ಲಿ ಮರುಕಟ್ಟಿದ ಇದು 1927ರ ಭೂಕಂಪದಲ್ಲಿ ಜಖಂಗೊಂಡು, 1947ರಲ್ಲಿ ಬ್ರಿಟಿಷ್ ಆಡಳಿತ ತೊಡಿಸಿದ ಕಬ್ಬಿಣದ ತೊಲೆಗಳ ಆಸರೆಯಲ್ಲಿ ಬಹುಕಾಲ ನಿಂತಿತ್ತು. ಅಥೆನ್ಸಿನ ರಾಷ್ಟ್ರೀಯ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರು 2016-17ರಲ್ಲಿ ನಡೆಸಿದ ಜೀರ್ಣೋದ್ಧಾರದಲ್ಲಿ ಆ ತೊಲೆಗಳನ್ನು ತೆಗೆದು, ಮೇಣದ ಮಸಿ ಹಿಡಿದಿದ್ದ ಕಲ್ಲನ್ನು ತೊಳೆದರು. ಹಾಗಾಗಿ ಈಗ ಅದರ ಮುಖ ನಸುಗೆಂಪಾಗಿ ಬೆಳಕನ್ನು ಹಿಂದಿರುಗಿಸುತ್ತದೆ. ಹಳೆಯ ಚಿತ್ರಗಳ ಕಪ್ಪನ್ನು ನಿರೀಕ್ಷಿಸಿ ಎಕ್ಸ್‌ಪೋಷರ್ ಏರಿಸಿದರೆ ಕೆತ್ತನೆಯ ವಿವರಗಳು ತೇಲಿಹೋಗುತ್ತವೆ. ಮಂಟಪದ ಒಳಗೆ ಫೋಟೊ ತೆಗೆಯುವಂತಿಲ್ಲ. ಸಾಲು ನೋಡಿಕೊಳ್ಳುವ ಧರ್ಮಗುರುಗಳು ಈ ವಿಷಯದಲ್ಲಿ ಖಂಡಿತವಾದಿಗಳು, ಅದು ಸರಿಯೂ ಹೌದು.

ಮಂಟಪದ ಬೆನ್ನಿಗೆ ಕಾಪ್ಟರ ಪುಟ್ಟ ಪ್ರಾರ್ಥನಾಸ್ಥಾನವಿದೆ; ಅದರ ಎದುರಿಗೆ, ಪಶ್ಚಿಮದ ಗೋಡೆಯೊಳಗೆ ಸುರಿಯಾನಿಗಳ ಪ್ರಾರ್ಥನಾಲಯ. ಇಡೀ ದೇವಾಲಯದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಎರಡನೆಯದು. ಗಿಲಾವು ಕಳಚಿ ಹೊಗೆ ಹಿಡಿದ ಗೋಡೆ, ಸವೆದ ಬಲಿಪೀಠ, ಅದರಾಚೆ ಬಂಡೆಯಲ್ಲಿ ಕೊರೆದ ಹಳೆಯ ಗೋರಿಗಳ ಗೂಡು. ಅರಿಮಥಾಯದ ಯೋಸೇಫನ ಗೋರಿ ಎಂದು ಅದನ್ನು ತೋರಿಸುತ್ತಾರೆ. ಗೋರಿಯ ಬಾಯಿಯಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ; ಎಸ್‌ಟಿಎಂ ಎಂಬ ಫೋಕಸ್ ಮೋಟಾರಿನ ಗುರುಗುಟ್ಟುವಿಕೆಯೂ ಆ ನಿಶ್ಶಬ್ದದಲ್ಲಿ ಕಿವಿಗೆ ಬೀಳುತ್ತದೆ. ಮ್ಯಾನುವಲ್ ಫೋಕಸಿಗೆ ಹೊರಳಿ, ಪರದೆಯಲ್ಲಿ ಅಂಚುಗಳು ಬಣ್ಣದಲ್ಲಿ ಕಾಣುವ ಪೀಕಿಂಗ್ ಸೌಲಭ್ಯವನ್ನು ಬಳಸುವುದೇ ಇದಕ್ಕೆ ದಾರಿ. ಫೋಕಸ್ ಉಂಗುರ ಯಾಂತ್ರಿಕವಲ್ಲ, ವಿದ್ಯುನ್ಮಾನದ್ದು. ಹಳೆಯ ಲೆನ್ಸುಗಳ ಬಿಗಿ ಹಿಡಿತಕ್ಕೆ ಒಗ್ಗಿದ ಬೆರಳುಗಳಿಗೆ ಅದು ರುಚಿಸದು. ಇನ್ನೊಂದು ಗುಣವೆಂದರೆ ಹತ್ತಿರದ ಫೋಕಸಿಗೆ ಹೋದಂತೆ ಲೆನ್ಸಿನ ಮೂತಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಅದನ್ನು ನೆನಪಿಟ್ಟುಕೊಂಡಿರಬೇಕು.

ಹತ್ತಿರದ ಫೋಕಸಿನ ಪ್ರಯೋಜನ ತಿಳಿಯಬೇಕಾದರೆ ಆರ್ಮೇನಿಯನ್ನರ ಸಂತ ಹೆಲೆನಾ ಪ್ರಾರ್ಥನಾಲಯಕ್ಕೆ ಇಳಿಯುವ ಮೆಟ್ಟಿಲುಗಳ ಬಳಿ ನಿಲ್ಲಬೇಕು. ಅಲ್ಲಿಯ ಗೋಡೆಯ ಮೇಲೆ ಹಿಂದಿನ ಯಾತ್ರಿಕರ ಗುರುತುಗಳೆಂದು ಹೇಳುವ ಚಿಕ್ಕ ಚಿಕ್ಕ ಶಿಲುಬೆಗಳು ಸಾಲು ಸಾಲಾಗಿ ಕೆತ್ತಿಕೊಂಡಿವೆ. ದೂರದಿಂದ ತೆಗೆದರೆ ಅದು ಬರಿಯ ಗೀಚು. 17 ಸೆಂಟಿಮೀಟರ್ ಹತ್ತಿರ ಹೋಗಿ, ಅಪರ್ಚರನ್ನು ಎಫ್ 5.6ಕ್ಕೆ ಇಳಿಸಿ, ಓರೆ ಬೆಳಕು ಬೀಳುವ ಕಡೆಯ ಶಿಲುಬೆಯೊಂದನ್ನು ಆರಿಸಿದರೆ ಉಳಿಯ ಏಟಿನ ಆಳ, ಸವೆದ ಅಂಚು, ಮುಟ್ಟಿ ಮುಟ್ಟಿ ನುಣುಪಾದ ಮೈ ಎಲ್ಲವೂ ಕಾಣುತ್ತವೆ. ಇಷ್ಟು ಹತ್ತಿರದಲ್ಲಿ ಐಎಸ್ ತನ್ನ ಐದು ಸ್ಟಾಪನ್ನು ಕೊಡುವುದಿಲ್ಲವಾದ್ದರಿಂದ ಶಟರನ್ನು ಸ್ವಲ್ಪ ವೇಗವಾಗಿಡುವುದು ಕ್ಷೇಮ. ಪ್ರತ್ಯೇಕ ಮ್ಯಾಕ್ರೊ ಲೆನ್ಸ್ ಹೊತ್ತು ಹೋಗಬೇಕಾದ ಕೆಲಸವನ್ನು ಇದೊಂದೇ ಮಾಡಿತು.

ಬಣ್ಣದ ವಿಚಾರ. ಗುಮ್ಮಟದ ಹಗಲು ಬೆಳಕು ನೀಲಿಯತ್ತ, ಮೇಣದ ಬತ್ತಿ ಗಾಢ ಕಿತ್ತಳೆಯತ್ತ, ವಿದ್ಯುದ್ದೀಪ ಇವೆರಡರ ನಡುವೆ. ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಪ್ರತಿ ಚಿತ್ರಕ್ಕೂ ಒಂದೊಂದು ತೀರ್ಪು ಕೊಡುತ್ತದೆ. ರಾ (ಕ್ಯಾಮೆರಾ ಸಂಸ್ಕರಿಸದ) ಕಡತದಲ್ಲಿ ತೆಗೆದು, ವೈಟ್ ಬ್ಯಾಲೆನ್ಸನ್ನು ಒಂದೇ ಅಂಕಿಯಲ್ಲಿ ಸ್ಥಿರವಾಗಿಟ್ಟು, ಆಮೇಲೆ ಬೇಕಾದಂತೆ ತಿದ್ದುವುದು ಒಳ್ಳೆಯದು. ಮೇಣದ ಬೆಳಕನ್ನು ಪೂರಾ ಬಿಳಿಯಾಗಿಸುವ ಗೋಜಿಗೆ ಹೋಗಬೇಡಿ. ಲೆನ್ಸಿನ ನಿಜವಾದ ದೋಷ ಕಾಣುವುದೂ ಇಲ್ಲಿಯೇ. ಎಫ್ 1.8ರಲ್ಲಿ ಫೋಕಸಿನ ಮುಂದೆ ಮತ್ತು ಹಿಂದೆ ಇರುವ ಹೊಳೆಯುವ ಅಂಚುಗಳಿಗೆ ನೇರಳೆ ಮತ್ತು ಹಸಿರು ಬಣ್ಣದ ಎಳೆ ಅಂಟಿಕೊಳ್ಳುತ್ತದೆ. ದೀಪ ತೂಗುವ ಬೆಳ್ಳಿ ಸರಪಳಿಗಳಲ್ಲಿ ಅದು ಎದ್ದು ಕಾಣುತ್ತದೆ. ಸಾಫ್ಟ್‌ವೇರಿನಿಂದ ಅದನ್ನು ಪೂರ್ತಿ ತೊಡೆಯಲಾಗದು, ಎಫ್ 2.8ಕ್ಕೆ ಇಳಿಸಿದರೆ ಬಹುಪಾಲು ಅಡಗುತ್ತದೆ. ಮೂಲೆಗಳು ಕಪ್ಪಾಗುವ ದೋಷವೂ ಪೂರ್ಣ ತೆರೆದಾಗ ಇದೆ. ಇಂಥ ಒಳಾಂಗಣದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ.

ಕ್ಯಾಮೆರಾದ ಸದ್ದಿನ ಬಗೆಗೂ ಹೇಳಬೇಕು. ಆರ್‌ಪಿಯಲ್ಲಿ ನಿಶ್ಶಬ್ದ ಶಟರ್ ಇರುವುದು ಸೀನ್ ಮೋಡಿನಲ್ಲಿ ಮಾತ್ರ. ಅಲ್ಲಿ ಅಪರ್ಚರೂ ಶಟರೂ ನಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಹೀಗಾಗಿ ಬಲಿಪೂಜೆ ನಡೆಯುವಾಗ ನಾನು ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದೆ. ಪ್ರತಿದಿನ ಮಧ್ಯಾಹ್ನದ ಬಳಿಕ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಮೇಣದ ಬತ್ತಿ ಹಿಡಿದು, ಲ್ಯಾಟಿನ್ ಸ್ತೋತ್ರ ಹಾಡುತ್ತ ಇಡೀ ದೇವಾಲಯವನ್ನು ಸುತ್ತಿ ಬರುವ ಮೆರವಣಿಗೆಯಲ್ಲಿ ಹಾಡಿನ ನಡುವೆ ಶಟರಿನ ಸದ್ದು ಮುಚ್ಚಿಹೋಗುತ್ತದೆ. ಅವರು ಹಿಡಿದ ಬತ್ತಿಯ ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುವುದರಿಂದ ಎಫ್ 1.8 ಅಲ್ಲಿ ಸಾರ್ಥಕವಾಗುತ್ತದೆ. ಫ್ಲಾಷ್ ಎಲ್ಲಿಯೂ ಬೇಡ. ಜನರಿಲ್ಲದ ಚಿತ್ರ ಬೇಕಾದವರು ನಸುಕಿನಲ್ಲಿ, ಬಾಗಿಲು ತೆರೆದ ಮೊದಲ ಹೊತ್ತಿನಲ್ಲಿಯೇ ಹೋಗಬೇಕು. ಬೀಗದ ಕೈ ಕಾಯುವ ಜೂದೆ ಮನೆತನ ಮತ್ತು ಬಾಗಿಲು ತೆರೆಯುವ ನುಸೈಬೆ ಮನೆತನ, ಎರಡೂ ಜೆರುಸಲೇಮಿನ ಮುಸ್ಲಿಂ ಕುಟುಂಬಗಳು. ಬಾಗಿಲು ತೆರೆಯುವ ಆ ಕ್ರಮವೂ ನೋಡತಕ್ಕದ್ದೇ.

ಹೊರಡುವ ಮುನ್ನ ಅಭ್ಯಾಸ ಬೇಕೆನ್ನುವವರಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಒಳ್ಳೆಯ ಜಾಗಗಳಿವೆ. 1890ರಲ್ಲಿ ಕಟ್ಟಿದ, ಗಾಥಿಕ್ ಶೈಲಿಯ ಬೇಳದ ಶೋಕಮಾತಾ ಇಗರ್ಜಿಯಲ್ಲಿ ಧರ್ಮಗುರುಗಳ ಅನುಮತಿ ಪಡೆದು, ದೀಪ ಹಚ್ಚುವ ಮುನ್ನದ ಮುಸ್ಸಂಜೆಯಲ್ಲಿ 1/4 ಸೆಕೆಂಡಿನ ಕೈಹಿಡಿತವನ್ನು ಸಾಧಿಸಿಕೊಳ್ಳಬಹುದು. ಹಗಲಿನಲ್ಲಿ ಅಲ್ಲಿ ಪರೀಕ್ಷೆ ಮಾಡಿ ಫಲವಿಲ್ಲ. ಕರಾವಳಿಯ ಇಗರ್ಜಿಗಳಿಗೆ ಇಕ್ಕೆಲದಲ್ಲೂ ಬಾಗಿಲು ಕಿಟಕಿಗಳಿರುವುದರಿಂದ ಬೆಳಕಿಗೆ ಬರವಿಲ್ಲ. ಇದೇ ಲೆನ್ಸ್ ಊರಿನ ಭೂತಕೋಲಕ್ಕೆ ಆದೀತೇ ಎಂದು ಕೇಳಿದವರಿದ್ದಾರೆ. ಅಣಿ (ವೇಷಧಾರಿಯ ಬೆನ್ನಿನ ಅಲಂಕಾರ) ಕಟ್ಟುವ, ಬಣ್ಣ ಹಾಕುವ ಹೊತ್ತಿಗೆ ಬಹಳ ಚೆನ್ನಾಗಿ ಆಗುತ್ತದೆ; ಅಂಗಳದಲ್ಲಿ ನರ್ತನ ಶುರುವಾದ ಮೇಲೆ ಐಎಸ್‌ನಿಂದ ಉಪಯೋಗವೂ ಇಲ್ಲ, ದೂರಕ್ಕೆ 35 ಎಂಎಂ ಸಾಲುವುದೂ ಇಲ್ಲ. ನೀರು-ಧೂಳು ತಡೆಯುವ ಸೀಲ್ ಇದರಲ್ಲಿಲ್ಲದ ಕಾರಣ ನಮ್ಮ ಆಟಿ ತಿಂಗಳ ಮಳೆಯಲ್ಲಿ ಹೊರಗೆ ತೆಗೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುವುದಕ್ಕೆ ಹೆಚ್ಚು ದಿನ ಬೇಡ.

ಅಡ್ಡ ಬೆಳಕನ್ನು ತಡೆಯುವ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಇಡಬ್ಲ್ಯು-52 ಎಂಬುದನ್ನು ಬೇರೆಯಾಗಿ ಕೊಳ್ಳಬೇಕು. ತೂಗುದೀಪಗಳ ಕೆಳಗೆ ಓಡಾಡುವವರಿಗೆ ಅದು ಬೇಕೇ ಬೇಕು. ಈಗಾಗಲೇ ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರು ಇದಕ್ಕಾಗಿ ಹೊಸ ಬಾಡಿ ಕೊಳ್ಳುವ ಅಗತ್ಯವಿಲ್ಲ: 2012ರಲ್ಲಿ ಬಂದ ಇಎಫ್ 35 ಎಂಎಂ ಎಫ್ 2 ಐಎಸ್ ಯುಎಸ್‌ಎಂ ಲೆನ್ಸಿನಲ್ಲಿ ನಾಲ್ಕು ಸ್ಟಾಪಿನ ಕಂಪನ ನಿಯಂತ್ರಣವಿದೆ, ತೂಕ 335 ಗ್ರಾಂ, ಆಟೋಫೋಕಸ್ ಸದ್ದೂ ಇದಕ್ಕಿಂತ ಕಡಿಮೆ. ಸೆಕೆಂಡ್‌ಹ್ಯಾಂಡ್ ಸಿಕ್ಕಿದರೆ, ಗಾಜನ್ನು ಟಾರ್ಚ್ ಬೆಳಕಿಗೆ ಹಿಡಿದು ಬೂಷ್ಟು ಇಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಬಹುದು. ಮುಂದೆ ಮಿರರ್‌ಲೆಸ್‌ಗೆ ಬದಲಾದರೆ ಅಡಾಪ್ಟರ್ ಹಾಕಿ ಅದನ್ನೇ ಮುಂದುವರಿಸಬಹುದು.